ಕೈ ನಿಲ್ಲದ ಪರಸು

ನನ್ನ ಮೈದುನ ಪರಸುವಿನದು ಒಂದೇ ಒಂದು ಫೋಟೊ ನಮ್ಮ ಮನೆಯಲ್ಲಿದೆ. ಅದರಲ್ಲಿ ಎಲ್ಲವೂ ಸ್ವಚ್ಛವಾಗಿ ಮೂಡಿದೆ. ಹಿಂದಿನ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಸಮುದ್ರ, ಅದರೊಳಗೊಂದು ಹಡಗು, ನಾನು ಇಸ್ತ್ರಿ ಮಾಡಿಕೊಟ್ಟ ಅಂಗಿಯ ಗೆರೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ತೊಡೆಯ ಮೇಲೆ ಗಿಟಾರು. ಬಲಗೈ ಮಾತ್ರ ಇಲ್ಲ. ಅದು ಇರಬೇಕಾದಲ್ಲಿ ಒಂದು ಮಸುಕು, ಬೀಸಣಿಕೆ ಬೀಸಿದ ಹಾಗೆ. ಗೋಳಗುಮ್ಮಟದ ಹತ್ತಿರ ಸ್ಟುಡಿಯೊ ಇಟ್ಟಿದ್ದ ಫೋಟೊ ಮಾಸ್ತರ ಮೂರು ಸಲ ಎಣಿಸಿ, ಮೂರು ಸಲವೂ ಬೈದನಂತೆ.

"ತೊಟ್ಟಲಾಗಿನ ಕೂಸು ಸೈತ ಒಂದು ಗಳಿಗಿ ಸುಮ್ನ ಇರ್ತಾವ ಮಾರಾಯಾ. ನಿನಗೇನಾಗೈತಿ?"

"ನಾ ಸುಮ್ನ ಅದೀನ್ರಿ. ಕೈ ಕೇಳವಲ್ದು" ಅಂದನಂತೆ ಇವನು.

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನನಗೆ ಹದಿನೆಂಟು, ಪರಸುವಿಗೆ ಇಪ್ಪತ್ತೊಂದು. ವಿಜಾಪುರದ ಸಿದ್ಧೇಶ್ವರ ಗುಡಿಯ ಪೇಟೆಯಿಂದ ನಾಲ್ಕು ಗಲ್ಲಿ ಒಳಗೆ ಎರಡು ಖೋಲಿಯ ತಗಡಿನ ಮನೆ. ನಮ್ಮ ಯಜಮಾನರು ಸರಕಾರಿ ಕಚೇರಿಯಲ್ಲಿ ಜವಾನರು. ಆ ನೌಕರಿಯ ಬೆನ್ನು ಹತ್ತಿಯೇ ಮಾವನವರೂ ಮೈದುನನೂ ತಮ್ಮ ಹಳ್ಳಿ ತಿಕೋಟಾ ಬಿಟ್ಟು ಇಲ್ಲಿಗೆ ಬಂದಿದ್ದರು. ಅತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು. ಬಂದ ಮರುದಿನ ಬೆಳಿಗ್ಗೆ, ತಗಡಿನ ಮೇಲೆ ಮಳೆ ಬೀಳುತ್ತಿದೆ ಎಂದು ನಾನು ಅಂಗಳಕ್ಕೆ ಓಡಿ ಒಣಹಾಕಿದ ಸೀರೆ ಎಳೆದುಕೊಂಡೆ. ಮುಗಿಲು ಬೆಳ್ಳಗಿತ್ತು. ಪರಸು ಬಚ್ಚಲ ಕಟ್ಟೆಯ ಮೇಲೆ ಕೂತು, ನೀರು ಕಾಯುವ ತನಕ ಖಾಲಿ ಬಕೀಟು ಬಾರಿಸುತ್ತಿದ್ದ.

"ಮಳಿ ಅಲ್ರಿ ವೈನಿ, ನಾನು" ಅಂದ. "ಸೀರಿ ಮತ್ತ ಹಾಕ್ರಿ, ಇನ್ನೂ ಹಸಿ ಅದಾವು."

ಅವನ ಕೈ ಬಾರಿಸದ ವಸ್ತುವೇ ಇರಲಿಲ್ಲ. ಹಿಟ್ಟಿನ ಡಬ್ಬಿ, ಬಾಗಿಲ ಚೌಕಟ್ಟು, ಬಸ್ಸಿನ ಮುಂದಿನ ಸೀಟು, ಒಮ್ಮೆ ನೆರೆಮನೆಯವರ ಎಮ್ಮೆಯ ಬೆನ್ನು. ಊಟಕ್ಕೆ ಕೂತರೆ ಎಡಗೈಯಲ್ಲಿ ರೊಟ್ಟಿ, ಬಲಗೈ ತಾಟಿನ ಅಂಚಿನ ಮೇಲೆ. ಅರ್ಧ ಉಂಡು ಎದ್ದುಬಿಡುವನು. ಉಳಿದ ರೊಟ್ಟಿಯನ್ನು ಸುರುಳಿ ಸುತ್ತಿ ಅಂಗಳದಲ್ಲಿ ತಿರುಗುತ್ತ ತಿನ್ನುವನು. ಹೊಟ್ಟೆಪಾಡಿಗೆ ಅವನು ಸುಣ್ಣ ಬಳಿಯುತ್ತಿದ್ದ. ಊರೊಳಗೆ ಅವನು ಬಳಿದ ಗೋಡೆಯನ್ನು ನಾನು ದೂರದಿಂದಲೇ ಗುರುತಿಸುತ್ತಿದ್ದೆ. ಬ್ರಷ್ಷಿನ ಗೆರೆ ಎರಡು ಉದ್ದ, ಒಂದು ಗಿಡ್ಡ; ಎರಡು ಉದ್ದ, ಒಂದು ಗಿಡ್ಡ. ಗೋಡೆ ಮುಗಿಯುವ ತನಕ ಹಾಗೆಯೇ.

ಆ ಎರಡು ಉದ್ದ ಒಂದು ಗಿಡ್ಡ ಎಲ್ಲಿಂದ ಬಂತು ಎನ್ನುವುದು ತಿಕೋಟಾದ ಸುತ್ತಿನವರಿಗೆಲ್ಲ ಗೊತ್ತಿತ್ತು. ನಮ್ಮ ಮಾವ ಯಮನಪ್ಪನವರು ಹಲಗೆ ಬಾರಿಸುವವರು. ಅವರ ಅಪ್ಪ, ಅಪ್ಪನ ಅಪ್ಪ, ಎಲ್ಲರೂ ಅದೇ. ತಿಕೋಟಾದಿಂದ ಕಳ್ಳಕವಟಗಿಯ ತನಕ ಯಾವ ದೊಡ್ಡ ಮನೆಯಲ್ಲಿ ಹೆಣ ಎದ್ದರೂ ಅದರ ಮುಂದೆ ಬಾರಿಸುತ್ತ ನಡೆಯಬೇಕು. ಸುಗ್ಗಿ ಬಂದಾಗ ಕಣಕ್ಕೆ ಹೋಗಿ ನಿಂತರೆ ಆ ಮನೆಯವರು ಕಾಳು ಕೊಡುವರು. ಅದಕ್ಕೆ ಆಯ ಅನ್ನುತ್ತಿದ್ದರು. ಆಯ ಉಂಡವನು ಕರೆದಾಗ ಬರಲೇಬೇಕು. ಜ್ವರವಿದೆ, ಮಗನ ಮದುವೆಯಿದೆ ಎನ್ನುವ ಮಾತಿಲ್ಲ. ನಮ್ಮ ಮಂದಿ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಹಿರಿಯರೆಲ್ಲ ಕೂಡಿ, ಇನ್ನು ಯಾರ ಹೆಣದ ಮುಂದೆಯೂ ಹಲಗೆ ಬಾರಿಸುವುದಿಲ್ಲ, ಯಾರ ಕಣದಿಂದಲೂ ಆಯ ತರುವುದಿಲ್ಲ ಎಂದು ಠರಾವು ಮಾಡಿದರು. ಮಾವ ಅವತ್ತೇ ಮನೆಗೆ ಬಂದು ಹಲಗೆಯ ಚರ್ಮವನ್ನು ಕುಡುಗೋಲಿನಿಂದ ಕೊಯ್ದುಹಾಕಿದರು. ದುಂಡನೆಯ ಕಟ್ಟಿಗೆಯ ಬಳೆಯೊಂದು ಉಳಿಯಿತು. ನಾನು ಸಂಸಾರಕ್ಕೆ ಬಂದಾಗ ಅದರ ಮೇಲೆ ನೀರಿನ ಕೊಡ ಇಡುತ್ತಿದ್ದೆವು. ಅದು ಹಲಗೆಯ ಬಳೆ ಎಂದು ನನಗೆ ತಿಳಿದದ್ದು ವರ್ಷದ ಮೇಲೆ.

ಮಾವನವರ ಕೈ ಆವತ್ತಿನಿಂದ ಸುಮ್ಮನಾದವು. ಸಂಜೆ ಕಟ್ಟೆಯ ಮೇಲೆ ಕೂತರೆ ಎರಡೂ ಕೈಯನ್ನು ಬಗಲಲ್ಲಿ ಸೇರಿಸಿಕೊಂಡು ಕೂಡುವರು. ಮಗ ಡಬ್ಬಿ ಬಾರಿಸಿದರೆ "ಕೈ ಒಳಗ ಇಟ್ಕೋ" ಎಂದು ಅಷ್ಟೇ ಅನ್ನುವರು.

ಗಿಟಾರು ಬಂದದ್ದು ಆ ಫೋಟೊ ಮಾಸ್ತರನ ಸ್ಟುಡಿಯೊದಿಂದಲೇ. ಅದು ಬಾರಿಸುವ ಗಿಟಾರಾಗಿರಲಿಲ್ಲ. ಫೋಟೊಕ್ಕೆ ಕೂತವರು ಕೈಯಲ್ಲಿ ಹಿಡಿಯಲೆಂದು ಇಟ್ಟದ್ದು. ಹೊಸ ಮದುವೆಯ ಗಂಡುಗಳು, ಗೋಳಗುಮ್ಮಟ ನೋಡಲು ಬಂದ ಪರವೂರಿನ ಹುಡುಗರು ಅದನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲು ಕಿರಿಯುವರು. ತಂತಿ ಎರಡೋ ಮೂರೋ ಉಳಿದಿದ್ದವು. ಪರಸು ಫೋಟೊ ತೆಗೆಸಲು ಹೋದವನು ಗಿಟಾರು ಕೆಳಗಿಡಲೇ ಇಲ್ಲ. ಮರುವಾರ ಹೋಗಿ ಎರಡು ದಿನ ಆ ಸ್ಟುಡಿಯೊಕ್ಕೆಲ್ಲ ಸುಣ್ಣ ಬಳಿದ. ಕೂಲಿ ಕೊಡಲು ಬಂದರೆ, "ಕೂಲಿ ಬ್ಯಾಡ್ರಿ, ಅದನ್ನ ಕೊಡ್ರಿ" ಅಂದ.

"ಫೋಟೊಕ್ಕ ಏನ ಇಡ್ಲಿ ಮತ್ತ?"

"ಒಂದು ಹೂವಿನ ಕುಂಡಾ ಇಡ್ರಿ. ಅದು ಅಳ್ಳಾಡೂದಿಲ್ಲ."

ಮನೆಗೆ ತಂದು ಅದನ್ನು ಕೂಸಿನ ಹಾಗೆ ಒರೆಸಿದ. ತಂತಿಗಾಗಿ ಮಿರಜಿಗೆ ಹೋಗಿ ಬಂದ. ಆರು ತಂತಿಯ ಜಾಗವಿದ್ದರೂ ತಂತಿ ಬಿಗಿಯುವ ಒಂದು ಕೀಲಿ ಮುರಿದಿದ್ದರಿಂದ ಐದೇ ಹಾಕಿದ. ಕಲಿಸುವವರು ಯಾರೂ ಇಲ್ಲ. ಬೆರಳಿಂದ ಮೀಟುವುದು ಅವನಿಗೆ ಹಿಡಿಸಲಿಲ್ಲ. ಬಿದಿರಿನ ಸಣ್ಣ ಕಡ್ಡಿಯೊಂದನ್ನು ತೆಳ್ಳಗೆ ಕೆತ್ತಿ, ಅದರಿಂದ ತಂತಿಯ ಮೇಲೆ ಹೊಡೆಯುವನು. ಹೊಡೆತದ ನಡುವೆ ಹೆಬ್ಬೆರಳಿಂದ ಗಿಟಾರಿನ ಮರದ ಮೈಗೆ ಒಂದು ಗುದ್ದು. ಎಡಗೈಯ ಕಿರುಬೆರಳಿಗೆ ಸೈಕಲ್ ಪಂಪಿನ ಹಿತ್ತಾಳೆ ಕೊಳವೆಯ ತುಂಡು ಸಿಗಿಸಿ ತಂತಿಯ ಮೇಲೆ ಜಾರಿಸುವನು. ಆಗ ಬರುವ ನಾದ ನನಗೆ ಮೊದಮೊದಲು ಯಾರೋ ಹೆಂಗಸು ಮೂಗಿನಲ್ಲಿ ಅತ್ತ ಹಾಗೆ ಕೇಳಿಸುತ್ತಿತ್ತು. ಕೇಳುತ್ತ ಕೇಳುತ್ತ, ಅಳುವ ಹೆಂಗಸೇ ನಡುವೆ ನಗುವುದೂ ಕೇಳಿಸತೊಡಗಿತು. ಕೆಳಗೆ ಮಾತ್ರ ಅದೇ ಪೆಟ್ಟು, ಎರಡು ಉದ್ದ, ಒಂದು ಗಿಡ್ಡ.

ಮಾವನಿಗೆ ಅದು ಮೊದಲ ದಿನವೇ ಗೊತ್ತಾಯಿತು. ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಎದ್ದರು.

"ಒಮ್ಮಿ ಕುಂತ ಕೇಳ ಯಪ್ಪಾ" ಅಂದ ಪರಸು.

"ಏನ ಕೇಳೂದೈತಿ ಅದರಾಗ. ನಲವತ್ತ ವರ್ಷ ಬಾರಿಸೇನಿ."

"ಇದು ಹಲಗಿ ಅಲ್ಲ."

"ಕಟ್ಟಗಿ ಬ್ಯಾರೆ ಐತಿ, ಕೈ ಅದ ಐತಿ" ಎಂದು ಹೊರಗೆ ಹೋದರು. ಅಂದಿನಿಂದ ಗಿಟಾರು ಗೂಟದಿಂದ ಇಳಿದರೆ ಸಾಕು, ಮಾವ ಎದ್ದು ಗಲ್ಲಿಯ ತುದಿಯ ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲುವರು. ಪರಸುವಿಗೆ ಊರೆಲ್ಲ ಕೇಳಿ ಭೇಷ್ ಅಂದರೂ ಅದೊಂದು ಮುಳ್ಳು ಉಳಿಯಿತು. ಹಬ್ಬಕ್ಕೆ ಹೊಸ ಅಂಗಿ ತಂದರೂ, ಮಾವನಿಗೆ ಜಡ್ಡಾಗಿ ಮೈ ಒತ್ತಿದರೂ ಕೊನೆಗೆ ಅವನ ಮಾತು ಅಲ್ಲಿಗೇ ಬರುತ್ತಿತ್ತು. ಒಮ್ಮೆ ಕೂತು ಕೇಳು.

ಮೂರು ವರ್ಷದಲ್ಲಿ ಅವನು ಎಷ್ಟು ಮೇಳ ಬದಲಿಸಿದ ಎಂದು ನೆನೆಸಿದರೆ ನನಗೇ ನಗು ಬರುತ್ತದೆ. ಭಜನೆಯವರ ಸಂಗಡ ಕೂತ. ಅವರಿಗಿಂತ ಮೊದಲು ಹಾಡು ಮುಗಿಸಿಬಿಡುತ್ತಾನೆಂದು ಅವರೇ ಕೈ ಮುಗಿದರು. ಮದುವೆಯ ಬ್ಯಾಂಡಿಗೆ ಸೇರಿದ. ತುತ್ತೂರಿಯ ನಡುವೆ ತನ್ನದು ತನಗೇ ಕೇಳಿಸುವುದಿಲ್ಲವೆಂದು ಬಿಟ್ಟ. ನಾಟಕದ ಕಂಪನಿಯೊಂದರ ಬೆನ್ನು ಹತ್ತಿ ಎರಡು ತಿಂಗಳು ಹೋದ. ನಾಯಕನ ಮಾತಿನ ನಡುವೆಯೇ ಇವನ ಕೈ ಓಡಿ, ಮಂದಿ ನಾಯಕನನ್ನು ಬಿಟ್ಟು ಇವನನ್ನು ನೋಡತೊಡಗಿದರಂತೆ. ಹೋಗುವಾಗೆಲ್ಲ ಒಂದೇ ಮಾತು. "ಇಲ್ಲೇನ ಐತ್ರಿ ವೈನಿ? ಮುಂದಿನ ಊರಾಗ ಕೇಳೂ ಮಂದಿ ಅದಾರಂತ." ತಿರುಗಿ ಬಂದಾಗ ನಾನು ಕೇಳುವೆ: "ಇದ್ರೇನು?" ಅವನು ರೊಟ್ಟಿ ಸುರುಳಿ ಸುತ್ತುತ್ತ, "ಇದ್ರು. ಅದಕ್ಕ ಮುಂದಿನ ಊರಾಗ ಇನ್ನೂ ಚಲೋ ಮಂದಿ ಅದಾರಂತ" ಅನ್ನುವನು.

ಅವನನ್ನು ಬಹಳ ದಿನ ಹಿಡಿದಿಟ್ಟವರೆಂದರೆ ಬಬಲೇಶ್ವರದ ಸಂಗಯ್ಯ ಮಾಸ್ತರರು. ಅವರು ಪೇಟಿ, ಎಂದರೆ ಹಾರ್ಮೋನಿಯಂ ಬಾರಿಸುವವರು. ದಪ್ಪ ಆಳು, ಮಾತೂ ನಿಧಾನ, ನಡಿಗೆಯೂ ನಿಧಾನ. ಎಲೆ ಅಡಿಕೆ ಪೂರ್ತಿ ಅಗಿದು ಮುಗಿಯದೆ ಸುರುಮಾಡುತ್ತಿರಲಿಲ್ಲ. ಬಬಲೇಶ್ವರದಲ್ಲಿ ಒಂದು ಕೂಸಿನ ಹೆಸರಿಡುವ ಕಾರ್ಯಕ್ಕೆ ನಾನೂ ಹೋಗಿದ್ದೆ. ಅವರಿಬ್ಬರ ಜೋಡಿ ಕೇಳಿದ್ದು ಅಲ್ಲೇ. ಪೇಟಿ ಹಾಡನ್ನು ಹಿಂದಕ್ಕೆ ಎಳೆಯುವುದು, ಗಿಟಾರು ಮುಂದಕ್ಕೆ ನೂಕುವುದು. ಆ ಎಳೆದಾಟದಲ್ಲಿ ಹಾಡಿಗೆ ಎಂಥದೋ ಜೀವ ಬಂದು, ತೊಟ್ಟಿಲ ಹಗ್ಗ ಹಿಡಿದ ಹೆಂಗಸರು ತೂಗುವುದು ಬಿಟ್ಟು ಚಪ್ಪಾಳೆಗೆ ಸುರುಹಚ್ಚಿದರು. ಕೂಸು ಎದ್ದು ಅಳತೊಡಗಿದರೂ ಯಾರಿಗೂ ಗೊತ್ತಾಗಲಿಲ್ಲ.

"ಇವ ಕರು ಇದ್ದಂಗವಾ" ಎಂದು ಸಂಗಯ್ಯ ಮಾಸ್ತರರು ನನಗೆ ಹೇಳಿದರು. "ಹಗ್ಗ ಬಿಟ್ರ ಊರ ದಾಟತಾನ. ಬಿಗಿ ಹಿಡದ್ರ ಹರಕೋತಾನ. ನಾ ಸುಮ್ನ ಪೇಟಿ ಒತ್ಕೋತ ಹಿಂದ ಹಿಂದ ಹೊಂಟೀನಿ."

ತಿಕೋಟಾ, ಬಬಲೇಶ್ವರದ ಸುತ್ತ ಮದುವೆಯೆಂದರೆ ಈ ಜೋಡಿಯೇ ಬೇಕು ಎನ್ನುವ ಹಾಗಾಯಿತು. ಹಾಗೆ ಕಳ್ಳಕವಟಗಿಯ ಒಂದು ದೊಡ್ಡ ಮನೆಯ ಮದುವೆಗೂ ಹೋದರು. ಅಲ್ಲಿ ನಡೆದದ್ದನ್ನು ಪರಸು ಬಂದು ಹೇಳಿದಾಗ ನಾನೂ ಅವನಷ್ಟೇ ಹಿಗ್ಗಿದೆ.

ಆ ಮನೆಯ ಗೌಡರ ತಾಯಿ, ತೊಂಬತ್ತರ ಹತ್ತಿರದ ಮುದುಕಿ, ಕಣ್ಣು ಅಷ್ಟಕ್ಕಷ್ಟೇ. ಒಳಗೆ ಕೂತಿದ್ದವಳು ಗಿಟಾರು ಕೇಳಿ, "ಯಮನಪ್ಪ ಬಂದಾನೇನು?" ಎಂದು ಕೋಲೂರಿಕೊಂಡು ಹೊರಗೆ ಬಂದಳಂತೆ. ಇವನು ಯಮನಪ್ಪನ ಮಗ ಎಂದಾಗ ಕೆನ್ನೆ ಸವರಿ, "ಅಪ್ಪನ ಕೈ ಬಂದೈತಿ ನಿನಗ" ಅಂದಳಂತೆ. ಹೊರಡುವಾಗ ಇವನ ಅಂಗವಸ್ತ್ರದ ಉಡಿ ಒಡ್ಡಿಸಿ ಮೂರು ಮುಷ್ಟಿ ಜೋಳ ಹಾಕಿ, ತಲೆಗೆ ಹೊಸ ರುಮಾಲು ಸುತ್ತಿಸಿ, ಆಳಿನ ಕೈಯಲ್ಲಿ ಒಂದು ಚೀಲ ಜೋಳ ಬಸ್ಸಿನ ಮೇಲೆ ಹಾಕಿಸಿದಳು. ಬಾರಿಸಿದ್ದಕ್ಕೆ ಒಪ್ಪಿದ ಬಿದಾಗಿಯ ಹಣ ಬೇರೆ, ಇದು ಬೇರೆ.

"ಮಾಸ್ತರಗೂ ಕೊಡಲಿಲ್ಲ ನೋಡ್ರಿ ವೈನಿ. ನನಗ ಅಷ್ಟ" ಅಂದ. ಆ ಖುಷಿಯಲ್ಲಿ ಅವನ ಕೈ ಚೀಲದ ಮೇಲೆ ಒಂದೇ ಸಮನೆ ಆಡುತ್ತಿತ್ತು.

ಜೋಳ ಮುತ್ತಿನ ಹಾಗಿತ್ತು. ನಾನು ಸೇರಿನಿಂದ ಅಳೆದು ಒಂದು ಡಬ್ಬಿಯಷ್ಟು ತೆಗೆದು, ಗಿರಣಿಗೆ ಒಯ್ದು ಬೀಸಿಸಿಕೊಂಡು ಬಂದು ಮರುದಿನವೇ ರೊಟ್ಟಿ ಬಡಿದೆ. ಮಾವ ಒಂದು ರೊಟ್ಟಿ ಮುಗಿಸಿ ಎರಡನೆಯದು ಮುರಿಯುತ್ತ, "ಜ್ವಾಳ ಚಲೋ ಐತಲ್ಲವಾ, ಎಲ್ಲೀದು?" ಅಂದರು. ಪರಸು ಅದಕ್ಕೇ ಕಾಯುತ್ತಿದ್ದವನ ಹಾಗೆ ಎಲ್ಲ ಹೇಳಿದ. ಅಪ್ಪನ ಕೈ ಅಂದದ್ದನ್ನು ಎರಡು ಸಲ ಹೇಳಿದ. ಮಾವ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು.

"ಕಾಳು ಚೀಲದಾಗ ಹಾಕಿದ್ರೋ, ಮದ್ಲ ಉಡ್ಯಾಗ ಹಾಕಿದ್ರೋ?"

"ಮದ್ಲ ಮೂರು ಮುಷ್ಟಿ ಉಡ್ಯಾಗ. ಯಾಕ?"

"ರುಮಾಲ ಅವರ ಸುತ್ತಿದ್ರೇನು?"

"ಹೌದು."

ಮಾವ ತಾಟಿನಲ್ಲೇ ಕೈ ತೊಳೆದರು. "ಉಡಿ ತುಂಬಿ ರುಮಾಲ ಸುತ್ತಿದ್ರ ಅದು ಆಯ" ಅಂದರು. "ಎಲ್ಲಾರೂ ಕೂಡಿ ಬಿಟ್ಟದ್ದನ್ನ ನೀ ತಲಿಗೆ ಸುತ್ಕೊಂಡ ಬಂದಿ."

"ಖುಷಿಗೆ ಕೊಟ್ಟಾರ ಯಪ್ಪಾ. ಬಾರಿಸಿದ್ದು ಚಲೋ ಅನಸ್ತು, ಕೊಟ್ರು."

"ನನಗೂ ಖುಷಿಗೇ ಕೊಡತಿದ್ರು. ನಲವತ್ತ ವರ್ಷ ಖುಷಿಗೇ ಕೊಟ್ರು. ನಿಮ್ಮವ್ವ ಸತ್ತ ದಿನಾನೂ ಅವರ ಮನಿ ಹೆಣಕ್ಕ ಹೋಗಿ ಬಾರಿಸಿ ಬಂದು ಆಕಿನ್ನ ಎತ್ತೇನಿ. ಹೋಗಿ ತಿರುಗಿ ಕೊಟ್ಟ ಬಾ."

ಪರಸು ಒಪ್ಪಲಿಲ್ಲ. ಕೊಟ್ಟದ್ದನ್ನು ತಿರುಗಿ ಒಯ್ದರೆ ಮುದುಕಿಯ ಮುಖಕ್ಕೆ ಹೊಡೆದ ಹಾಗೆ, ದೊಡ್ಡ ಮನೆ ಮುರಿದುಕೊಂಡರೆ ಆ ಸುತ್ತಿನಲ್ಲಿ ಯಾರೂ ಕರೆಯುವುದಿಲ್ಲ, ಸಂಗಯ್ಯ ಮಾಸ್ತರರ ಗತಿ ಏನು ಎಂದ. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಮಾವ ಮತ್ತೆ ಹೇಳಲಿಲ್ಲ. ಆ ಜೋಳದ ರೊಟ್ಟಿ ಮಾತ್ರ ಮುಟ್ಟಲಿಲ್ಲ. ನಾನು ಎರಡು ಹಿಟ್ಟಿನ ಡಬ್ಬಿ ಇಟ್ಟೆ. ಮಾವನಿಗೆ ಪೇಟೆಯಿಂದ ತಂದ ಕೆಂಪು ಜೋಳದ್ದು, ಪರಸುವಿಗೆ ಬಿಳಿಯದು. ನಮ್ಮ ಯಜಮಾನರು ಮೊದಲ ದಿನ ಅದರದೊಂದು, ಇದರದೊಂದು ತಿಂದರು. ಎರಡನೆಯ ದಿನದಿಂದ ಅನ್ನ ಕೇಳಿದರು. ಎಂಟು ದಿನ ಆ ಸಣ್ಣ ಮನೆಯಲ್ಲಿ ಇಬ್ಬರೂ ಒಬ್ಬರ ನೆರಳು ಒಬ್ಬರಿಗೆ ತಾಗದ ಹಾಗೆ ತಿರುಗಿದರು. ಪರಸು ದಿನಕ್ಕೆ ಹತ್ತು ಸಲ ಹೊರಗೆ ಹೋಗುವನು, ಹತ್ತು ಸಲ ಬರುವನು.

ಒಂಬತ್ತನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಕಳ್ಳಕವಟಗಿಯಿಂದ ಒಬ್ಬ ಆಳು ಬಂದು ಬಾಗಿಲಲ್ಲಿ ನಿಂತ. ಬಸ್ಸಿನಿಂದ ಇಳಿದು ಓಡುತ್ತ ಬಂದಿದ್ದ. ನಾನು ನೀರು ಕೊಟ್ಟೆ.

"ಗೌಡ್ರ ಚಿಕ್ಕವ್ವ ತೀರ್ಕೊಂಡಾರ. ನಾಕ ಗಂಟೇಕ ಎತ್ತತಾರ. ಪರಸಪ್ಪಗ ತಂತಿ ಪೆಟಗಿ ತಗೊಂಡ ಬಾ ಅಂದಾರ."

ಪರಸು ಬಾಗಿಲಿಗೆ ಬಂದ. "ಸಂಗಯ್ಯ ಮಾಸ್ತರಗೂ ಹೇಳೀರೇನು?"

"ಅವರ್ಯಾಕ? ಹೆಣದ ಮುಂದ ಪೇಟಿ ಯಾರ ಹೊತ್ಕೊಂಡ ನಡೀತಾರ. ನೀ ಒಬ್ಬಾವ ಸಾಕು."

"ನಾ ಹೆಣದ ಮುಂದ ಬಾರಿಸಾವ ಅಲ್ಲ."

ಆ ಆಳು ಕೆಟ್ಟವನಲ್ಲ. ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. "ಉಡಿ ತುಂಬಿಸ್ಕೊಂಡ್ಯಲ್ಲೋ ತಮ್ಮಾ" ಅಂದ. "ಒಲ್ಲದಾವ ಅವತ್ತ ಒಲ್ಲೆ ಅನಬೇಕಿತ್ತು."

ಪರಸುವಿನ ಬಲಗೈ ಬಾಗಿಲ ಚೌಕಟ್ಟಿನ ಮೇಲಿತ್ತು. ಆ ಕೈ ಅಲುಗದೆ ನಿಂತದ್ದನ್ನು ನಾನು ಕಂಡದ್ದು ಆವಾಗ. ಒಳಗೆ ಮಾವ ಎಲ್ಲ ಕೇಳಿಸಿಕೊಂಡು ಕೂತಿದ್ದರು. ನೋಡಿದ್ಯಾ ಎಂದು ಒಂದು ಮಾತೂ ಆಡಲಿಲ್ಲ. ಆಳು ನೀರಿನ ತಂಬಿಗೆ ನನಗೆ ತಿರುಗಿ ಕೊಟ್ಟು, "ಏನ ಹೇಳ್ಲಿ?" ಎಂದು ಕೇಳಿ ಒಬ್ಬನೇ ಬಸ್ಸಿಗೆ ತಿರುಗಿದ.

ಸೂತಕದ ದಿನಗಳು ಕಳೆದ ಮೇಲೆ ಪರಸು, "ಚೀಲಾ ತುಂಬ್ರಿ ವೈನಿ" ಅಂದ. ಅದರಲ್ಲಿ ನಾವು ಉಂಡದ್ದು ಒಂಬತ್ತು ಸೇರು. ಅಷ್ಟನ್ನು ಮನೆಯ ಕೆಂಪು ಜೋಳದಿಂದ ತುಂಬಿ, ಕಲ್ಲು ಹರಳು ಆರಿಸಿ, ಬಾಯಿ ಹೊಲಿದೆ. ಒಬ್ಬನನ್ನೇ ಕಳಿಸಲು ಮನಸ್ಸಾಗಲಿಲ್ಲ. ನಡುವೆ ತಿಕೋಟಾದಲ್ಲೇ ಇಳಿದು ಬೇರೆ ದಾರಿ ಹಿಡಿದಾನೆಂಬ ಅಂಜಿಕೆಯೂ ಇತ್ತು. ನಾನೂ ಹೊರಟೆ. ಬಸ್ಸಿನಲ್ಲಿ ಅವನು ನಾಲ್ಕು ಸಲ ಸೀಟು ಬದಲಿಸಿದ.

ದೊಡ್ಡ ಮನೆಯ ಕಟ್ಟೆಯ ಮೇಲೆ ಮುದುಕಿ ಬಿಸಿಲು ಕಾಯುತ್ತಿದ್ದಳು. ಒಳಗೆ ಗೌಡರು ಯಾರದೋ ಸಂಗಡ ಮಾತಾಡುತ್ತಿದ್ದರು. ನಾವು ಕೆಳಗೆ ನಿಂತೆವು.

"ಯಮನಪ್ಪನ ಮಗಾ ಏನು? ಅವತ್ತ ಬರಲಿಲ್ಲಲೋ. ಜಡ್ಡ ಇತ್ತೇನು?"

ಅವನಿಗೆ ಒಂದು ಹೌದು ಅಂದರೆ ಸಾಕಿತ್ತು. "ಇಲ್ರಿ ಆಯಿ, ಆರಾಮ ಇದ್ದೆ" ಅಂದ. "ಈ ಜ್ವಾಳ ತಿರುಗಿ ತಂದೇನ್ರಿ. ರುಮಾಲನೂ ಐತಿ."

ಮುದುಕಿ ಚೀಲ ಬಿಚ್ಚಿಸಿ ಒಂದು ಮುಷ್ಟಿ ತೆಗೆದು ಕಣ್ಣಿನ ಹತ್ತಿರ ಹಿಡಿದಳು. "ಇದರಾಗ ಕೆಂಪ ಕಾಳು ಕೂಡ್ಯಾವ."

"ಅದು ನಂದ್ರಿ ಆಯಿ" ಅಂದೆ ನಾನು. "ಒಂಬತ್ತ ಸೇರ ಉಂಡಿದ್ವಿ. ತುಂಬಿ ತಂದೇನಿ."

"ಉಂಡದ್ದ ತುಂಬಿ ತಂದೀರಿ" ಎಂದು ಅವಳು ಕಾಳನ್ನು ಮೆಲ್ಲಗೆ ಚೀಲಕ್ಕೆ ಬಿಟ್ಟಳು. "ನಾ ಪ್ರೀತೀಲೆ ಕೊಟ್ಟಿದ್ನೋ ಯಪ್ಪಾ."

"ಗೊತ್ತೈತ್ರಿ. ಮದುವಿಗೆ ಕರೀರಿ, ಹೆಸರಿಡಾಕ ಕರೀರಿ, ಪ್ಯಾಟಿಯಿಂದ ಬ್ಯಾರೆ ಮೇಳದವರನ್ನ ಕರದಂಗ ಕರೀರಿ. ಮಾಸ್ತರ ನಾನು ಕೂಡಿ ಬರ್ತೀವಿ. ಹೆಣಕ್ಕ ಮಾತ್ರ ಬ್ಯಾಡ್ರಿ."

ಗೌಡರು ಹೊರಗೆ ಬಂದರು. ಸಿಟ್ಟು ಮಾಡಲಿಲ್ಲ. "ಆತು, ಇಟ್ಟ ಹೋಗ್ರಿ" ಅಂದರು. "ಇನ್ನ ಯಾವದಕ್ಕೂ ಕರಿಯೂದಿಲ್ಲ, ಚಿಂತಿ ಬಿಡು."

ಮನೆಗೆ ಬಂದಾಗ ಮಾವ ನನ್ನನ್ನೇ ಕೇಳಿದರು. "ಇಟ್ಟ ಬಂದ್ರೇನವಾ?"

"ಇಟ್ಟ ಬಂದ್ವಿ."

"ಕಾಳು ಹಸನ ಮಾಡಿದ್ದೇನು?"

"ಮಾಡಿದ್ನಿರಿ."

ಅಂದು ಒಂದೇ ಡಬ್ಬಿಯ ಹಿಟ್ಟಿನಲ್ಲಿ ಎಲ್ಲರಿಗೂ ರೊಟ್ಟಿ ಮಾಡಿದೆ.

ಸಂಗಯ್ಯ ಮಾಸ್ತರರು ಮುಂದಿನ ವಾರ ಬಂದರು. ಬಂದವರು ಎಲೆ ಅಡಿಕೆಯನ್ನೂ ಬಾಯಿಗೆ ಹಾಕಲಿಲ್ಲ. ಗೊತ್ತಾಗಿದ್ದ ಎರಡು ಮದುವೆಯವರು ಬೇರೆ ಮೇಳ ಹೇಳಿದ್ದೇವೆ ಅಂದಿದ್ದರು. "ನಿನ್ನ ಮ್ಯಾಲ ನನಗ ಸಿಟ್ಟಿಲ್ಲೋ ಪರಸೂ. ನೀ ಮಾಡಿದ್ದ ತಪ್ಪ ಅಂತ ಅನ್ನಾಂವನೂ ಅಲ್ಲ. ಖರೇ, ನಾನು ಬಬಲೇಶ್ವರದಾಗ ಇರಾಂವ. ಇಲ್ಲೆ ಹುಟ್ಟಿ ಇಲ್ಲೆ ಸಾಯಾಂವ" ಅಂದರು. ಹೋಗುವಾಗ ಗೂಟದ ಮೇಲಿನ ಗಿಟಾರಿನ ಒಂದು ತಂತಿಯನ್ನು ಬೆರಳಿಂದ ಮುಟ್ಟಿ ಹೋದರು.

ಅದಾದ ಮೇಲೆ ಪರಸು ವಿಜಾಪುರದಲ್ಲಿ ನಿಲ್ಲಲಿಲ್ಲ. ಸೊಲ್ಲಾಪುರದ ಒಂದು ಆರ್ಕೆಸ್ಟ್ರಾದವರು ಊರೂರು ತಿರುಗುತ್ತಾರೆ, ಅವರಿಗೆ ಒಬ್ಬ ಬೇಕಂತೆ ಎಂದು ಯಾರೋ ಹೇಳಿದ್ದೇ ಸಾಕಾಯಿತು. ಮಟಮಟ ಮಧ್ಯಾಹ್ನ, ನಾನು ಹಂಚಿನ ಮೇಲೆ ರೊಟ್ಟಿ ಹಾಕಿದ್ದೆ; ಅದು ಉಬ್ಬುವಷ್ಟರೊಳಗೆ ಗಿಟಾರಿಗೆ ನನ್ನ ಹಳೆಯ ಸೀರೆ ಸುತ್ತಿ ನಿಂತಿದ್ದ.

"ಅಪ್ಪಗ ಹೇಳ್ರಿ ವೈನಿ."

"ನೀನ ಹೇಳು. ಅಲ್ಲೇ ಬೇವಿನ ಗಿಡದ ಬುಡಕ ಅದಾರ."

"ಏನಂತ ಹೇಳ್ಲಿ? ಅವರ ಮಾತ ಕೇಳಿ ಚೀಲಾ ಒಯ್ದ ಇಟ್ಟ ಬಂದೆ. ಒಂದಿನಾನೂ ನಂದ ಕುಂತ ಕೇಳಲಿಲ್ಲ" ಅಂದ. ಹಂಚಿನ ಮೇಲಿನ ರೊಟ್ಟಿಯನ್ನು ಬಿಸಿಬಿಸಿಯೇ ಎತ್ತಿಕೊಂಡು, ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿಸುತ್ತ ಹೊರಟುಹೋದ. ಬೇವಿನ ಗಿಡದ ಹತ್ತಿರ ನಿಂತನೋ ಇಲ್ಲವೋ ನನಗೆ ಕಾಣಲಿಲ್ಲ.

ತಿಂಗಳಿಗೋ ಎರಡು ತಿಂಗಳಿಗೋ ಒಂದು ಕಾರ್ಡು ಬರುತ್ತಿತ್ತು. ಬಾರ್ಶಿ, ಲಾತೂರು, ಮಿರಜ, ಪುಣೆ. ನಾಲ್ಕೇ ಸಾಲು. ಆರಾಮ ಇದ್ದೇನೆ, ಇಲ್ಲಿ ಏನೂ ಇಲ್ಲ, ಮುಂದಿನ ಊರು ಚಲೋ ಇದೆಯಂತೆ, ಅಪ್ಪ ಹೇಗಿದ್ದಾನೆ. ನಮ್ಮ ಯಜಮಾನರು ಗಟ್ಟಿಯಾಗಿ ಓದುವರು. ಮಾವ ಕಾರ್ಡನ್ನು ಕೈಗೆ ತೆಗೆದುಕೊಂಡು, ಓದು ಬಾರದಿದ್ದರೂ, ಹಿಂದೆ ಮುಂದೆ ತಿರುಗಿಸಿ ನೋಡಿ ಕೊಡುವರು.

ಎರಡು ವರ್ಷದ ಮೇಲೆ ಆ ಆರ್ಕೆಸ್ಟ್ರಾ ವಿಜಾಪುರಕ್ಕೇ ಬಂತು. ಸ್ಟೇಶನ್ನಿನ ಕಡೆಯ ಬಯಲಿನಲ್ಲಿ ದೊಡ್ಡ ಡೇರೆ ಹಾಕಿದರು. ಪರಸು ಮನೆಗೆ ಬರಲಿಲ್ಲ, ಬಂದ ದಿನದಿಂದ ಡೇರೆ ಕಟ್ಟುವ ಕೆಲಸವಂತೆ. ಒಬ್ಬನ ಕೈಯಲ್ಲಿ ಮೂರು ಪುಕ್ಕಟೆ ಪಾಸು ಕಳಿಸಿದ. ಮಾವ ಹೊರಗೆ ಎದ್ದು ಹೋಗುತ್ತಾರೆಂದೇ ನಾನು ತಿಳಿದಿದ್ದೆ. ಅವರು ಪಾಸು ನೋಡಿ, "ಇದು ಯಾಕ? ನಾವೇನ ಆಯಕ್ಕ ಹೊಂಟೀವೇನು?" ಅಂದರು. ಆದಿತ್ಯವಾರ ಮಧ್ಯಾಹ್ನ ಒಗೆದ ಧೋತರ ಉಟ್ಟು, ನಮಗಿಂತ ಮೊದಲು ಹೋಗಿ ಸಾಲಿನಲ್ಲಿ ನಿಂತು, ತಮ್ಮ ಕೈಯಿಂದಲೇ ಮೂರು ತಿಕೀಟು ತೆಗೆಸಿದರು. ನೆಲದ್ದಲ್ಲ, ಕುರ್ಚಿಯದು.

ಮೂರನೆಯ ಸಾಲಿನಲ್ಲಿ ಜಾಗ ಸಿಕ್ಕಿತು. ಮಾವ ಕೂಡುವ ಮೊದಲು ಕುರ್ಚಿಯ ಹಿಂಬದಿಯನ್ನು, ಕೈಯನ್ನು, ಕಾಲನ್ನು ಮುಟ್ಟಿ ನೋಡಿದರು. ಆಮೇಲೆ ನೆಟ್ಟಗೆ ಕೂತರು. ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಅವರು ತಮ್ಮ ಆಯುಷ್ಯದಲ್ಲಿ ಎಷ್ಟೋ ಹಂದರದ ಮುಂದೆ ಬಾರಿಸಿದವರು, ಒಂದರ ಒಳಗೂ ಕೂತವರಲ್ಲ. ಹಿಂದಿನ ಸಾಲಿನವನೊಬ್ಬ, "ಅಜ್ಜಾರ, ಒಂಚೂರ ಬಗ್ರಿ, ಕಾಣವಲ್ದು" ಅಂದ. ಮಾವ ಬಗ್ಗಲಿಲ್ಲ.

ಪರಸು ವೇದಿಕೆಯ ಒಂದು ಮೂಲೆಯಲ್ಲಿ, ಹಾಡುವವರ ಹಿಂದೆ ನಿಂತಿದ್ದ. ಬಹಳ ಸೊರಗಿದ್ದ. ಹಾಡಿನ ಮೇಲೆ ಹಾಡು ಮುಗಿದವು. ಅವನದು ನಡುನಡುವೆ ಒಂದು ತುಣುಕು ಕೇಳಿಸುವುದು, ಮುಳುಗುವುದು. ಕೊನೆಗೆ ಉಳಿದವರೆಲ್ಲ ಕೈ ಬಿಟ್ಟು ಅವನನ್ನು ಮುಂದೆ ಕರೆದರು. ಐದು ತಂತಿಯ ಮೇಲೆ ಬಿದಿರ ಕಡ್ಡಿ ಬಿತ್ತು. ಹಿತ್ತಾಳೆಯ ತುಂಡು ಜಾರಿತು. ನಾನು ಬಬಲೇಶ್ವರದಲ್ಲಿ ಕೇಳಿದ್ದಕ್ಕಿಂತ ಅದು ಬೇರೆಯಾಗಿತ್ತು. ಹಿಂದಕ್ಕೆ ಎಳೆಯುವವರು ಯಾರೂ ಇರಲಿಲ್ಲ, ಅವನೇ ತನ್ನನ್ನು ಎಳೆದುಕೊಂಡು, ತಾನೇ ನೂಕಿಕೊಂಡು ಹೋಗುತ್ತಿದ್ದ. ಮಂದಿ ಸಿಳ್ಳೆ ಹಾಕಿದರು. ಮಾವ ಚಪ್ಪಾಳೆ ತಟ್ಟಲಿಲ್ಲ, ತಲೆ ತೂಗಲಿಲ್ಲ. ಕೋರ್ಟಿನಲ್ಲಿ ಸಾಕ್ಷಿ ಹೇಳಲು ಬಂದವರ ಹಾಗೆ ಕಣ್ಣು ತೆಗೆಯದೆ ಕೂತಿದ್ದರು. ಎದ್ದು ಹೋಗಲಿಲ್ಲ.

ಆಟ ಮುಗಿದ ಮೇಲೆ ನಾನು ಬುತ್ತಿಯ ಗಂಟು ಎತ್ತಿಕೊಂಡು, "ಹಿಂದಿನ ಬಾಗಲಕ ಹೋಗೂನ್ರಿ ಮಾಂವ, ಅಲ್ಲೇ ಸಿಗ್ತಾನ" ಅಂದೆ.

"ಹಿಂದಿನ ಬಾಗಲಕ ನಾ ಬರೂದಿಲ್ಲ. ತಿಕೀಟ ತಗೊಂಡ ಮುಂದ ಬಂದೇನಿ."

ನಮ್ಮ ಯಜಮಾನರನ್ನು ಅವರ ಹತ್ತಿರ ಬಿಟ್ಟು ನಾನೊಬ್ಬಳೇ ಹಿಂದೆ ಹೋದೆ. ಲಾರಿಗೆ ಸಾಮಾನು ಏರಿಸುತ್ತಿದ್ದರು. ಬೆಳಕಿರುವಾಗಲೇ ಹೊರಟು ಮುಂದಿನ ಊರು ಮುಟ್ಟಬೇಕಂತೆ. ಪರಸು ಶೇಂಗಾ ಹಿಂಡಿ ಚಟ್ನಿಯ ವಾಸನೆಗೇ ಗಂಟು ಬಿಚ್ಚಿ ನಿಂತಲ್ಲೇ ತಿನ್ನತೊಡಗಿದ.

"ನೀವಷ್ಟ ಬಂದೀರೇನು?"

"ಎಲ್ಲಾರೂ ಬಂದೀವಿ. ಮಾಂವನೂ ಬಂದಾರ."

ಅವನ ಬಾಯಿ ನಿಂತಿತು. "ಹೊರಗ ನಿಂತಾರೇನು?"

"ಒಳಗ. ಕುರ್ಚಿ ಮ್ಯಾಲೆ. ಮದ್ಲಿಂದ ಕಡೀತನಕ."

ಅವನು ಗಂಟನ್ನು ನನ್ನ ಕೈಗೆ ತುರುಕಿ, ಡೇರೆಯ ಹಿಂದಿನ ಪರದೆ ಎತ್ತಿ ಒಳಗೆ ನುಗ್ಗಿದ. ನಾನು ಹಿಂದೆಯೇ ಓಡಿದೆ. ಆಳುಗಳು ಕುರ್ಚಿ ಮಡಿಚಿ ಒಟ್ಟುತ್ತಿದ್ದರು; ಅವುಗಳ ನಡುವೆ ಹಾಯ್ದು, ಎರಡನ್ನು ಕೆಡವಿ, ಮುಂಬಾಗಿಲಿನ ತನಕ ಹೋದ. ಮಾವ ಅಲ್ಲೇ ನಿಂತಿದ್ದರು. ಇಬ್ಬರೂ ಮುಖ ನೋಡಿಕೊಂಡರು. ಪರಸು ಬಗ್ಗಿ ಕಾಲು ಮುಟ್ಟಿದ.

"ಸೊರಗಿದ್ಯಲ್ಲೋ" ಅಂದರು ಮಾವ.

"ತಿರಗಾಟ ಯಪ್ಪಾ. ಕೇಳಿದ್ಯೇನು?"

"ಕೇಳಿದೆ. ಕುರ್ಚಿ ಒಂಚೂರ ಅಳ್ಳಾಡತಿತ್ತು."

"ಮತ್ತ ಕುಂತಿದ್ಯಲ್ಲ."

"ಕುಂತಿದ್ದೆ" ಅಂದರು. ಒಟ್ಟಿದ ಕುರ್ಚಿಗಳ ಕಡೆ ನೋಡಿ, "ನಾ ಬಾರಸೂವಾಗ ಯಾರೂ ಕುಂತ ಕೇಳತಿರಲಿಲ್ಲ. ಹೆಣದ ಹಿಂದ ನಡೀತಿದ್ರು. ನಿನ್ನ ಮುಂದ ಎಷ್ಟ ಮಂದಿ ಕುಂತಿದ್ರು ನೋಡು" ಅಂದರು.

ಲಾರಿಯವನು ಒಂದೇ ಸಮನೆ ಹಾರ್ನು ಒತ್ತುತ್ತಿದ್ದ. ಪರಸು ಅಣ್ಣನ ಭುಜ ತಟ್ಟಿ, ನನ್ನ ಕೈಯಿಂದ ಬುತ್ತಿ ಕಸಿದುಕೊಂಡು ಓಡಿದ. ನಾವು ಅವನನ್ನು ನೋಡಿದ್ದು ಅದೇ ಕಡೆಯದು.

ಆಮೇಲೆ ಎರಡು ಕಾರ್ಡು ಬಂದವು, ನಿಂತವು. ಆ ಆರ್ಕೆಸ್ಟ್ರಾದಲ್ಲಿ ತಬಲಾ ಬಾರಿಸುತ್ತಿದ್ದವನೊಬ್ಬ ವರ್ಷದ ಮೇಲೆ ಪೇಟೆಯಲ್ಲಿ ಸಿಕ್ಕು, ಪರಸು ಕಲ್ಯಾಣದ ಹತ್ತಿರ ಬೇರೊಂದು ಮೇಳ ಸೇರಿದ, ಅಲ್ಲಿಂದಲೂ ಹೋದನಂತೆ ಎಂದು ಹೇಳಿದ. ನಮ್ಮ ಯಜಮಾನರು ರಜೆ ಹಾಕಿ ಸೊಲ್ಲಾಪುರಕ್ಕೆ ಎರಡು ಸಲ, ಪುಣೆಗೆ ಒಂದು ಸಲ ಹೋಗಿ ಬಂದರು. ಸುಳಿವು ಸಿಗಲಿಲ್ಲ. ನಾನು ಹಬ್ಬದ ದಿನ ಒಂದು ರೊಟ್ಟಿ ಹೆಚ್ಚಿಗೆ ಮಾಡುವುದನ್ನು ಬಹಳ ವರ್ಷ ಬಿಡಲಿಲ್ಲ.

ಮಾವ ಮುಂದೆ ಆರು ವರ್ಷ ಇದ್ದರು. ತಿಕೋಟಾದವರು ಯಾರಾದರೂ ಬಂದು, ಸಣ್ಣ ಮಗ ಎಲ್ಲಿದ್ದಾನೆ, ಏನು ಮಾಡುತ್ತಾನೆ ಎಂದು ಕೇಳಿದರೆ ಗೊತ್ತಿಲ್ಲ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ವಸ್ತ್ರ ಸರಿಮಾಡಿಕೊಂಡು ನೆಟ್ಟಗೆ ಕೂತು ಹೇಳುವರು:

"ಬಾರಸಾಕ ಹೋಗ್ಯಾನ್ರಿ. ಕರದಿದ್ರು, ಹೋಗ್ಯಾನ."